ಕಂಪನಿ ಕೈಬದಲಾದಾಗ ಸಣ್ಣ ಷೇರುದಾರನಿಗೆ ಸಿಗುವುದೆಷ್ಟು?

2019ರ ಮಾರ್ಚ್ 18ರಂದು ಮುಂಬೈಯ ಎಲ್ ಅಂಡ್ ಟಿ ಕಂಪನಿ ಬೆಂಗಳೂರಿನ ಮೈಂಡ್‌ಟ್ರೀಯಲ್ಲಿ ಶೇ 20.32ರಷ್ಟು ಷೇರುಗಳನ್ನು ಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿತು. ಮಾರಿದವರು ಕಾಫಿ ಡೇ ಸ್ಥಾಪಕ ವಿ.ಜಿ. ಸಿದ್ಧಾರ್ಥ ಮತ್ತು ಅವರ ಸಮೂಹದ ಕಂಪನಿಗಳು. ದರ ಷೇರಿಗೆ 980 ರೂಪಾಯಿ, ಒಟ್ಟು ಸುಮಾರು 3,269 ಕೋಟಿ. ಇದರ ಜೊತೆಗೇ ಷೇರುಪೇಟೆಯಿಂದ ಇನ್ನೂ ಶೇ 15ರಷ್ಟು ಕೊಳ್ಳಲು ದಲ್ಲಾಳಿಗೆ ಆರ್ಡರ್ ಹೋಯಿತು. ಹಾಗೆ ಕೊಂಡರೆ ಕಾನೂನು ಎಳೆದಿರುವ ಗೆರೆ ದಾಟಿದಂತಾಗುತ್ತದೆ. ಆದ್ದರಿಂದ ಉಳಿದ ಷೇರುದಾರರಿಂದ ಶೇ 31ರಷ್ಟನ್ನು ಅದೇ 980ರ ದರಕ್ಕೆ ಕೊಳ್ಳುವುದಾಗಿ ‘ಓಪನ್ ಆಫರ್’ ಕೂಡ ಪ್ರಕಟವಾಯಿತು.

1999ರಲ್ಲಿ ಮೈಂಡ್‌ಟ್ರೀಯನ್ನು ಕಟ್ಟಿದ ಸ್ಥಾಪಕರಿಗೆ ಇದು ಬೇಡವಾಗಿತ್ತು. ಅವರಲ್ಲೊಬ್ಬರಾದ, ಒಡಿಶಾದಲ್ಲಿ ಸರ್ಕಾರಿ ಹೊಣೆಯಲ್ಲಿದ್ದ ಸುಬ್ರತೊ ಬಾಗ್ಚಿ ಅದನ್ನು ಬಿಟ್ಟು ಕಂಪನಿ ಉಳಿಸಲು ಬೆಂಗಳೂರಿಗೆ ಓಡಿಬಂದರು. ಆದರೆ ಪ್ರವರ್ತಕರ ಕೈಯಲ್ಲಿದ್ದದ್ದು ಶೇ 13ಕ್ಕಿಂತ ಸ್ವಲ್ಪ ಹೆಚ್ಚು ಪಾಲು ಮಾತ್ರ. ಕಂಪನಿಯ ಹಣದಿಂದಲೇ ಷೇರುಗಳನ್ನು ಮರುಖರೀದಿ ಮಾಡುವ ಆಲೋಚನೆ ಮಂಡಳಿಯ ಮುಂದೆ ಬಂತು. ವಾರದೊಳಗೆ ಅದನ್ನು ಕೈಬಿಡಬೇಕಾಯಿತು. ಜೂನ್ ಕೊನೆಯಲ್ಲಿ ಆಫರ್ ಮುಗಿದಾಗ ಎಲ್ ಅಂಡ್ ಟಿ ಪಾಲು ಶೇ 60 ಮುಟ್ಟಿತ್ತು. ಜುಲೈ ಮೊದಲ ವಾರದಲ್ಲಿ ಕೃಷ್ಣಕುಮಾರ್ ನಟರಾಜನ್, ಎನ್.ಎಸ್. ಪಾರ್ಥಸಾರಥಿ, ರೋಸ್ಟೊ ರಾವಣನ್ ರಾಜೀನಾಮೆ ಕೊಟ್ಟು ಹೊರನಡೆದರು.

ಆಗ ಬೆಂಗಳೂರಿನ ಐಟಿ ವಲಯದಲ್ಲಿ ಕೇಳಿಬಂದ ಮಾತು ‘ಇದು ಅನ್ಯಾಯ’ ಎಂಬುದು. ಕಟ್ಟಿದವರ ಕೈಯಿಂದ ಕಂಪನಿಯನ್ನು ಹಣದ ಬಲದಿಂದ ಕಿತ್ತುಕೊಳ್ಳುವುದನ್ನು ಕಾನೂನು ಸುಮ್ಮನೆ ನೋಡುತ್ತ ಕೂರಬಹುದೇ? ಕೂರಬಹುದು. ಯಾರು ಕಂಪನಿ ನಡೆಸಬೇಕು ಎಂದು ಹೇಳುವುದು ನಮ್ಮ ಸ್ವಾಧೀನ ಕಾನೂನಿನ ಕೆಲಸವಲ್ಲ. ಅದು ಕಾಯುವುದು ಸ್ಥಾಪಕನನ್ನೂ ಅಲ್ಲ, ದಾಳಿಕಾರನನ್ನೂ ಅಲ್ಲ. ಇಬ್ಬರ ಜಗಳದಲ್ಲಿ ಮಾತೇ ಇಲ್ಲದ ನೂರು, ಇನ್ನೂರು ಷೇರಿನ ಮೂರನೆಯವನನ್ನು. ಆ ಕೆಲಸವನ್ನು ಅದು ಎಷ್ಟರ ಮಟ್ಟಿಗೆ ಮಾಡುತ್ತಿದೆ ಎಂಬುದೇ ಇಲ್ಲಿನ ಪ್ರಶ್ನೆ.

ಮೈಂಡ್‌ಟ್ರೀಗೆ ಕೈಹಾಕಿದ ಎಲ್ ಅಂಡ್ ಟಿಯ ಸ್ವಂತ ಚರಿತ್ರೆಯೇ ಈ ಕಾನೂನಿನ ಚರಿತ್ರೆಗೆ ಒಳ್ಳೆಯ ಕೈಪಿಡಿ. ಆ ಕಂಪನಿಗೆ ಹೇಳಿಕೊಳ್ಳುವಂಥ ಒಡೆಯರಿರಲಿಲ್ಲ. ದೊಡ್ಡ ಪಾಲು ಸರ್ಕಾರಿ ಹಣಕಾಸು ಸಂಸ್ಥೆಗಳಲ್ಲಿತ್ತು. 1980ರ ದಶಕದ ಕೊನೆಯಲ್ಲಿ ರಿಲಯನ್ಸ್ ಅದರೊಳಗೆ ಕಾಲಿಟ್ಟಿತು. 1989ರಲ್ಲಿ ಧೀರೂಭಾಯಿ ಅಂಬಾನಿ ಅಧ್ಯಕ್ಷರೂ ಆದರು. ದೆಹಲಿಯಲ್ಲಿ ಸರ್ಕಾರ ಬದಲಾಗಿ ವಿ.ಪಿ. ಸಿಂಗ್ ಪ್ರಧಾನಿಯಾದ ಮೇಲೆ, 1990ರಲ್ಲಿ, ಅವರು ಹುದ್ದೆ ಬಿಡಬೇಕಾಯಿತು. ಕಂಪನಿಯೊಂದರ ಹಿಡಿತ ಬಂದದ್ದೂ ಹೋದದ್ದೂ ರಾಜಕೀಯದ ಗಾಳಿ ಬೀಸಿದ ಕಡೆಗೆ. ಸಾಮಾನ್ಯ ಷೇರುದಾರನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ, ಕೇಳಬೇಕೆಂಬ ನಿಯಮವೂ ಆಗ ಗಟ್ಟಿಯಾಗಿರಲಿಲ್ಲ.

ಅದಕ್ಕೂ ಮೊದಲು, 1983ರಲ್ಲಿ, ಲಂಡನ್ನಿನ ಉದ್ಯಮಿ ಸ್ವರಾಜ್ ಪಾಲ್ ಎಸ್ಕಾರ್ಟ್ಸ್ ಮತ್ತು ಡಿಸಿಎಂ ಕಂಪನಿಗಳ ಷೇರುಗಳನ್ನು ಪೇಟೆಯಲ್ಲಿ ಸದ್ದಿಲ್ಲದೆ ಕೊಳ್ಳತೊಡಗಿದಾಗ ಭಾರತದ ಉದ್ಯಮ ಮನೆತನಗಳಿಗೆಲ್ಲ ನಡುಕ ಹುಟ್ಟಿತ್ತು. ಸ್ವಲ್ಪ ಪಾಲು ಇಟ್ಟುಕೊಂಡು ಇಡೀ ಕಂಪನಿಯನ್ನು ಆಳುವುದು ಆಗಿನ ರೂಢಿ. ಉಳಿದದ್ದು ಎಲ್‌ಐಸಿಯಂಥ ಸಂಸ್ಥೆಗಳಲ್ಲಿ ಮಲಗಿರುತ್ತಿತ್ತು. ಎರಡೂ ಕಂಪನಿಗಳು ಪಾಲ್ ಹೆಸರಿಗೆ ಷೇರು ವರ್ಗಾಯಿಸಲು ಒಪ್ಪಲಿಲ್ಲ. ಎಲ್‌ಐಸಿ ಎಸ್ಕಾರ್ಟ್ಸ್‌ನ ಒಂಬತ್ತು ನಿರ್ದೇಶಕರನ್ನು ತೆಗೆಯಲು ವಿಶೇಷ ಸಭೆ ಕರೆಯುವಂತೆ ನೋಟಿಸ್ ಕೊಟ್ಟಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1985ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ನಿರ್ದೇಶಕರನ್ನು ತೆಗೆಯಲು ಸಭೆ ಕರೆಯಿರಿ ಎನ್ನುವ ಷೇರುದಾರ, ಅದು ಸರ್ಕಾರಿ ಸಂಸ್ಥೆಯೇ ಆಗಿರಲಿ, ಕಾರಣ ಹೇಳಬೇಕಾಗಿಲ್ಲ ಎಂದು ನ್ಯಾಯಾಲಯ ಹೇಳಿತು. ಕಾನೂನಿನಲ್ಲಿ ಪಾಲ್ ಸೋಲಲಿಲ್ಲ. ಆದರೆ ಕೊನೆಗೆ ಷೇರುಗಳನ್ನು ಮಾರಿ ಹೊರಬಂದವರು ಅವರೇ.

ಆಗ ಇದ್ದ ನಿಯಮವೆಂದರೆ ಷೇರು ವಿನಿಮಯ ಕೇಂದ್ರಗಳ ಜೊತೆ ಕಂಪನಿಗಳು ಮಾಡಿಕೊಳ್ಳುವ ಲಿಸ್ಟಿಂಗ್ ಕರಾರಿನ 40ನೇ ಕಲಮು. ಅದು ಕಾನೂನಲ್ಲ, ಕರಾರು. ಮುರಿದವರಿಗೆ ಹೇಳಿಕೊಳ್ಳುವಂಥ ಶಿಕ್ಷೆ ಇರಲಿಲ್ಲ. 1991ರಲ್ಲಿ ಏಕಸ್ವಾಮ್ಯ ತಡೆಯುವ ಎಂಆರ್‌ಟಿಪಿ ಕಾಯ್ದೆಯ ಪೂರ್ವಾನುಮತಿಯ ಬೇಲಿ ಹೋಯಿತು. 1992ರಲ್ಲಿ ಸೆಬಿ ಕಾಯ್ದೆ ಬಂದಾಗ ಸ್ವಾಧೀನಗಳನ್ನು ನಿಯಂತ್ರಿಸುವ ಅಧಿಕಾರ ಸ್ಪಷ್ಟವಾಗಿ ಆ ಸಂಸ್ಥೆಗೆ ಸಿಕ್ಕಿತು. 1994ರಲ್ಲಿ ಮೊದಲ ನಿಯಮಾವಳಿ. ಅದರ ತೂತುಗಳು ಬೇಗನೆ ಕಂಡವು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ನೇತೃತ್ವದ ಸಮಿತಿಯ ವರದಿಯ ಮೇಲೆ 1997ರ ಫೆಬ್ರುವರಿಯಲ್ಲಿ ಎರಡನೆಯ ನಿಯಮಾವಳಿ ಬಂತು. ಎಲ್ಲ ಷೇರುದಾರರಿಗೂ ಸಮಾನ ಅವಕಾಶ, ಎಲ್ಲವೂ ಬಹಿರಂಗ ಎಂಬ ತತ್ವವನ್ನು ಗಟ್ಟಿಯಾಗಿ ನೆಟ್ಟವರು ಭಗವತಿ. ಇಂದಿಗೂ ಯಾವುದೇ ನ್ಯಾಯಾಲಯದಲ್ಲಿ ಸ್ವಾಧೀನದ ವ್ಯಾಜ್ಯ ನಡೆದರೂ ವಾದ ಆ ವರದಿಯ ಹತ್ತಿರ ಒಮ್ಮೆ ಹೋಗಿಯೇ ಬರುತ್ತದೆ.

ಆ ನಿಯಮಗಳ ಕೆಳಗೆ ಮೊದಲ ನಿಜವಾದ ಜಟಾಪಟಿಗಳು ನಡೆದವು. 1998ರಲ್ಲಿ ಇಂಡಿಯಾ ಸಿಮೆಂಟ್ಸ್ 300 ರೂಪಾಯಿಯ ಆಫರ್‌ನೊಂದಿಗೆ ಹೈದರಾಬಾದಿನ ರಾಸಿ ಸಿಮೆಂಟ್ ಮೇಲೆ ಎರಗಿತು. ಕೊನೆಗೆ ಪ್ರವರ್ತಕರೇ ಮಾರಿದರು. 2000ದಲ್ಲಿ ಅಭಿಷೇಕ್ ದಾಲ್ಮಿಯಾ ಗೆಸ್ಕೊ ಎಂಬ ರಿಯಲ್ ಎಸ್ಟೇಟ್ ಕಂಪನಿಗೆ 23 ರೂಪಾಯಿ ಕೂಗಿದರು. ಪ್ರವರ್ತಕರ ನೆರವಿಗೆ ಮಹೀಂದ್ರ ಬಂತು. ಪೈಪೋಟಿ ಏರಿ 54 ರೂಪಾಯಿಗೆ ನಿಂತಿತು. ಇಬ್ಬರು ಶ್ರೀಮಂತರ ಹಟದಿಂದ ಸಣ್ಣ ಷೇರುದಾರನಿಗೆ ಲಾಭವಾದ ಅಪರೂಪದ ಪ್ರಸಂಗಗಳಲ್ಲಿ ಅದೂ ಒಂದು.

ಮತ್ತೆ ಎಲ್ ಅಂಡ್ ಟಿ. 2001ರ ನವೆಂಬರ್‌ನಲ್ಲಿ ರಿಲಯನ್ಸ್ ತನ್ನ ಕೈಯಲ್ಲಿದ್ದ ಶೇ 10.05ರಷ್ಟು ಪಾಲನ್ನು ಬಿರ್ಲಾ ಸಮೂಹದ ಗ್ರಾಸಿಂಗೆ ಷೇರಿಗೆ 306.60 ರೂಪಾಯಿಯಂತೆ ಮಾರಿತು. ಪೇಟೆಯ ದರಕ್ಕಿಂತ ಇದು ಬಹಳ ಮೇಲಿತ್ತು. ಆಗ ಓಪನ್ ಆಫರ್ ಕಡ್ಡಾಯವಾಗುತ್ತಿದ್ದ ಗೆರೆ ಶೇ 15. ಹತ್ತು ಅದಕ್ಕಿಂತ ಕೆಳಗೆ. ಹಾಗಾಗಿ ಉಳಿದವರಿಗೆ ಏನೂ ಇಲ್ಲ. ಸುಮಾರು ಹನ್ನೊಂದು ತಿಂಗಳ ಬಳಿಕ, 2002ರ ಅಕ್ಟೋಬರ್‌ನಲ್ಲಿ, ಗ್ರಾಸಿಂ ಸಾರ್ವಜನಿಕರಿಗೆ ಆಫರ್ ಕೊಟ್ಟಿತು: ಶೇ 20ರಷ್ಟು ಷೇರು, ದರ 190 ರೂಪಾಯಿ. ದೊಡ್ಡ ಮಾರಾಟಗಾರನಿಗೆ 306.60, ಸಣ್ಣವರಿಗೆ 190. ನಿಯಮದ ಅಕ್ಷರಕ್ಕೆ ಇದರಲ್ಲಿ ತಪ್ಪಿರಲಿಲ್ಲ, ಏಕೆಂದರೆ ದರ ಲೆಕ್ಕಹಾಕುವಾಗ ಹಿಂದಿನ 26 ವಾರಗಳ ಖರೀದಿಯನ್ನಷ್ಟೇ ನೋಡಬೇಕಿತ್ತು. ಸೆಬಿ ಆ ಆಫರನ್ನು ತಡೆದು ವಿಚಾರಣೆ ನಡೆಸಿತು. 2003ರಲ್ಲಿ ರಾಜಿಯಾಗಿ, ಸಿಮೆಂಟ್ ವಿಭಾಗ ಬೇರೆಯಾಗಿ ಬಿರ್ಲಾ ಪಾಲಾಯಿತು. ಅದೇ ಇಂದಿನ ಅಲ್ಟ್ರಾಟೆಕ್. ಗ್ರಾಸಿಂ ಕೈಯಲ್ಲಿದ್ದ ಎಲ್ ಅಂಡ್ ಟಿ ಷೇರುಗಳನ್ನು ನೌಕರರ ಟ್ರಸ್ಟ್ ಕೊಂಡುಕೊಂಡಿತು. ಎರಡು ಬಾರಿ ಹೀಗೆ ತಪ್ಪಿಸಿಕೊಂಡ ಕಂಪನಿಯೇ 2019ರಲ್ಲಿ ಬೆಂಗಳೂರಿಗೆ ಬಂದು ಆಫರ್ ಕಾಗದ ಮುಂದಿಟ್ಟಿತು ಎಂಬುದನ್ನು ನೆನೆದರೆ ನಗುವೂ ಬರುತ್ತದೆ.

ಈಗ ಜಾರಿಯಲ್ಲಿರುವುದು 2011ರ ನಿಯಮಾವಳಿ. ಸಿ. ಅಚ್ಯುತನ್ ನೇತೃತ್ವದ ಸಮಿತಿ 2010ರ ಜುಲೈನಲ್ಲಿ ಕೊಟ್ಟ ವರದಿ ಅದರ ಬುನಾದಿ. ಲಿಸ್ಟಾದ ಕಂಪನಿಯೊಂದರಲ್ಲಿ ಯಾರಾದರೂ, ತನ್ನ ಜೊತೆ ಸೇರಿ ಕೆಲಸ ಮಾಡುವವರ ಪಾಲೂ ಕೂಡಿ, ಶೇ 25ರಷ್ಟು ಮತಾಧಿಕಾರ ಗಳಿಸಿದರೆ ಓಪನ್ ಆಫರ್ ಕಡ್ಡಾಯ. ಶೇ 25ರಿಂದ 75ರ ನಡುವೆ ಇರುವವರು ಹಣಕಾಸು ವರ್ಷಕ್ಕೆ ಶೇ 5ರಷ್ಟು ಮಾತ್ರ ಆಫರ್ ಇಲ್ಲದೆ ಸೇರಿಸಿಕೊಳ್ಳಬಹುದು. ಷೇರು ಎಷ್ಟೇ ಇರಲಿ, ಕಂಪನಿಯ ‘ನಿಯಂತ್ರಣ’ ಕೈಗೆ ಬಂದರೂ ಆಫರ್ ಕೊಡಲೇಬೇಕು. ಆಫರ್ ಕನಿಷ್ಠ ಶೇ 26ರಷ್ಟು ಷೇರುಗಳಿಗೆ ಇರಬೇಕು. ಶೇ 5 ದಾಟಿದ ಕೂಡಲೇ, ಆಮೇಲೆ ಶೇ 2ರಷ್ಟು ಹೆಚ್ಚುಕಡಿಮೆಯಾದಾಗಲೆಲ್ಲ, ಎರಡು ಕೆಲಸದ ದಿನಗಳೊಳಗೆ ವಿನಿಮಯ ಕೇಂದ್ರಕ್ಕೆ ತಿಳಿಸಬೇಕು. ಪ್ರವರ್ತಕರು ಷೇರು ಅಡವಿಟ್ಟರೂ ತಿಳಿಸಬೇಕು.

ದರದ ವಿಚಾರದಲ್ಲಿ ಈ ನಿಯಮಾವಳಿ ಚೆನ್ನಾಗಿದೆ ಎಂದು ಒಪ್ಪಿಕೊಳ್ಳಬೇಕು. ಪೇಟೆಯಲ್ಲಿ ನಿತ್ಯ ವಹಿವಾಟಾಗುವ ಷೇರಿಗೆ ನಾಲ್ಕು ದರಗಳನ್ನು ತೆಗೆದು, ಅವುಗಳಲ್ಲಿ ಅತಿ ಹೆಚ್ಚಿನದನ್ನು ಕೊಡಬೇಕು: ಒಪ್ಪಂದದ ದರ, ಕೊಳ್ಳುವವನು ಹಿಂದಿನ 52 ವಾರಗಳಲ್ಲಿ ಕೊಟ್ಟ ಸರಾಸರಿ ದರ, ಹಿಂದಿನ 26 ವಾರಗಳಲ್ಲಿ ಕೊಟ್ಟ ಗರಿಷ್ಠ ದರ, ಪೇಟೆಯಲ್ಲಿ 60 ವಹಿವಾಟಿನ ದಿನಗಳ ಸರಾಸರಿ. ಈ 52 ವಾರಗಳ ಲೆಕ್ಕ 2002ರಲ್ಲಿ ಇದ್ದಿದ್ದರೆ ಗ್ರಾಸಿಂ ಕೊಟ್ಟ 306.60 ಅದರೊಳಗೆ ಬಂದು, 190ರ ಆಫರ್ ಹೊರಡುತ್ತಲೇ ಇರಲಿಲ್ಲ.

ಇನ್ನೊಂದು ಹಳೆಯ ಕಳ್ಳದಾರಿಯನ್ನೂ ಅಚ್ಯುತನ್ ಸಮಿತಿ ಮುಚ್ಚಿಸಿತು. ಮಾರುವ ಪ್ರವರ್ತಕ ‘ಇನ್ನು ಮುಂದೆ ಇದೇ ವ್ಯಾಪಾರ ಮಾಡುವುದಿಲ್ಲ’ ಎಂದು ಬರೆದುಕೊಟ್ಟರೆ ಅದಕ್ಕೆ ಬೇರೆಯಾಗಿ ಹಣ ಕೊಡಬಹುದಿತ್ತು. ಆಫರ್ ದರದ ಶೇ 25ರವರೆಗೆ ಅದನ್ನು ಸಾಮಾನ್ಯ ಷೇರುದಾರರೊಂದಿಗೆ ಹಂಚಿಕೊಳ್ಳಬೇಕಾಗಿರಲಿಲ್ಲ. 2010ರ ಆಗಸ್ಟ್‌ನಲ್ಲಿ ವೇದಾಂತ ಕೇರ್ನ್ ಇಂಡಿಯಾವನ್ನು ಕೊಳ್ಳಲು ಹೊರಟಾಗ ಕೇರ್ನ್ ಎನರ್ಜಿಗೆ ಷೇರಿಗೆ 405 ರೂಪಾಯಿ, ಸಾರ್ವಜನಿಕರಿಗೆ 355. ನಡುವಿನ 50 ಈ ಪೈಪೋಟಿ ಮಾಡದಿರುವ ಶುಲ್ಕ. ಮಾರಿ ಹೊರಟವರು ಸ್ಕಾಟ್ಲೆಂಡಿನವರು. ಕಂಪನಿಯ ಮುಖ್ಯ ಆಸ್ತಿ ರಾಜಸ್ಥಾನದ ತೈಲ ಬಾವಿಗಳು. ಅವರು ಮತ್ತೆ ಬಂದು ಪಕ್ಕದಲ್ಲೇ ಬಾವಿ ತೋಡುತ್ತಾರೆಂಬ ಭಯ ಯಾರಿಗಿತ್ತೋ! ಟೀಕೆ ಬಂದ ಮೇಲೆ ಆ 50ನ್ನು ಕೈಬಿಟ್ಟರು. 2011ರ ನಿಯಮಾವಳಿ ಇಂಥ ಶುಲ್ಕವನ್ನೂ ಆಫರ್ ದರದೊಳಗೇ ಸೇರಿಸಿತು.

ದರದ ಕಾವಲು ಆಫರ್ ಮುಗಿದ ಮೇಲೂ ಇರುತ್ತದೆ. ಎನ್‌ಡಿಟಿವಿ ಪ್ರಕರಣದಲ್ಲಿ ಅದು ಕಣ್ಣಿಗೆ ಕಾಣುವಂತೆ ಕೆಲಸ ಮಾಡಿತು. 2022ರ ಆಗಸ್ಟ್‌ನಲ್ಲಿ ಅದಾನಿ ಸಮೂಹ ಆಫರ್ ಪ್ರಕಟಿಸಿದ ದರ 294 ರೂಪಾಯಿ. ಪೇಟೆಯ ದರ ಆಗಲೇ ಅದಕ್ಕಿಂತ ಮೇಲಿತ್ತು. ಆದರೂ ಡಿಸೆಂಬರ್ ಮೊದಲ ವಾರ ಆಫರ್ ಮುಗಿಯುವ ಹೊತ್ತಿಗೆ ಶೇ 8.27ರಷ್ಟು ಷೇರುಗಳು ಬಂದಿದ್ದವು. ಅದೇ ತಿಂಗಳು ಸ್ಥಾಪಕರಾದ ಪ್ರಣಯ್ ರಾಯ್, ರಾಧಿಕಾ ರಾಯ್ ತಮ್ಮ ಪಾಲಿನ ಬಹುಭಾಗವನ್ನು 342.65 ರೂಪಾಯಿಗೆ ಮಾರಿದರು. ಆಫರ್ ಮುಗಿದ 26 ವಾರಗಳೊಳಗೆ ಹೀಗೆ ಹೆಚ್ಚು ದರಕ್ಕೆ ಕೊಂಡರೆ, ಮೊದಲೇ ಮಾರಿದವರಿಗೂ ವ್ಯತ್ಯಾಸ ಕಟ್ಟಿಕೊಡಬೇಕೆಂಬುದು ನಿಯಮ. 294ಕ್ಕೆ ಷೇರು ಕೊಟ್ಟವರಿಗೆಲ್ಲ ಇನ್ನೂ 48.65 ರೂಪಾಯಿ ಬಂತು. ಸಣ್ಣ ಮೊತ್ತ ನಿಜ. ಕೇಳದೆಯೇ ಬಂತೆಂಬುದು ದೊಡ್ಡದು.

ಆದರೆ ಅದೇ ಎನ್‌ಡಿಟಿವಿ ಈ ಕಾನೂನಿನ ಅತ್ಯಂತ ಮಬ್ಬು ಮೂಲೆಯನ್ನೂ ತೋರಿಸುತ್ತದೆ: ‘ನಿಯಂತ್ರಣ’ ಎಂದರೇನು? ರಾಯ್ ದಂಪತಿಯ ಹಿಡುವಳಿ ಕಂಪನಿ ಆರ್‌ಆರ್‌ಪಿಆರ್. 2009–10ರಲ್ಲಿ ವಿಸಿಪಿಎಲ್ ಎಂಬ ಕಂಪನಿ ಅದಕ್ಕೆ ಒಟ್ಟು 403.85 ಕೋಟಿ ರೂಪಾಯಿ ಬಡ್ಡಿಯಿಲ್ಲದ ಸಾಲ ಕೊಟ್ಟಿತ್ತು. ಬದಲಿಗೆ, ಬೇಕೆನಿಸಿದಾಗ ಆರ್‌ಆರ್‌ಪಿಆರ್‌ನ ಶೇ 99.99 ಷೇರುಗಳಾಗಿ ಬದಲಾಯಿಸಿಕೊಳ್ಳಬಹುದಾದ ವಾರಂಟ್‌ಗಳನ್ನು ಪಡೆದಿತ್ತು. ಇದು ಸಾಲವೋ, ಸಾಲದ ವೇಷದ ಖರೀದಿಯೋ? 2018ರ ಜೂನ್‌ನಲ್ಲಿ ಸೆಬಿ, ಎನ್‌ಡಿಟಿವಿಯ ನಿಯಂತ್ರಣ ಆಗಲೇ ಪರೋಕ್ಷವಾಗಿ ಕೈಬದಲಾಗಿತ್ತು, ಆದ್ದರಿಂದ ವಿಸಿಪಿಎಲ್ ಓಪನ್ ಆಫರ್ ಕೊಡಲಿ ಎಂದು ಆದೇಶಿಸಿತು. 2022ರ ಜುಲೈ 20ರಂದು ಮೇಲ್ಮನವಿ ನ್ಯಾಯಮಂಡಳಿ ಆ ಆದೇಶವನ್ನು ರದ್ದು ಮಾಡಿತು. ಐದು ವಾರ ತುಂಬುವ ಮೊದಲೇ, ಆಗಸ್ಟ್ 23ರಂದು, ಅದಾನಿ ಸಮೂಹ ವಿಸಿಪಿಎಲ್ ಅನ್ನೇ ಕೊಂಡು, ವಾರಂಟ್‌ಗಳನ್ನು ಷೇರಾಗಿಸುವ ನೋಟಿಸ್ ಕಳಿಸಿತು. ಆರ್‌ಆರ್‌ಪಿಆರ್ ಮೂಲಕ ಎನ್‌ಡಿಟಿವಿಯ ಶೇ 29.18 ಅದರ ಹಿಡಿತಕ್ಕೆ ಬಂತು. ಹದಿಮೂರು ವರ್ಷ ಕಡತದಲ್ಲಿ ಮಲಗಿದ್ದ ಒಂದು ಕರಾರು ಎರಡು ದಿನದ ನೋಟಿಸಿನಲ್ಲಿ ಎದ್ದು ಕೂತಿತು. ಷೇರುಪೇಟೆಯ ಸಾಮಾನ್ಯ ಹೂಡಿಕೆದಾರ ಈ ವರ್ಷಗಳಲ್ಲೆಲ್ಲ ಕೊಂಡದ್ದು ಯಾರ ಕಂಪನಿಯ ಷೇರನ್ನು?

ಈ ಮಬ್ಬು ಹೊಸದಲ್ಲ. ನಿಯಮದ ವ್ಯಾಖ್ಯೆ ಅಗಲವಾಗಿದೆ: ಹೆಚ್ಚಿನ ನಿರ್ದೇಶಕರನ್ನು ನೇಮಿಸುವ ಹಕ್ಕು, ಅಥವಾ ಆಡಳಿತವನ್ನೋ ನೀತಿ ತೀರ್ಮಾನಗಳನ್ನೋ ಹತೋಟಿಯಲ್ಲಿಡುವ ಹಕ್ಕು, ಷೇರಿನಿಂದಾಗಲಿ, ಕರಾರಿನಿಂದಾಗಲಿ, ಬೇರೆ ಯಾವುದೇ ರೀತಿಯಿಂದಾಗಲಿ. ಹೂಡಿಕೆದಾರನೊಬ್ಬ ಕೆಲವು ತೀರ್ಮಾನಗಳಿಗೆ ‘ಬೇಡ’ ಎನ್ನುವ ಹಕ್ಕು ಬರೆಸಿಕೊಂಡರೆ ಅದು ನಿಯಂತ್ರಣವೇ? 2010ರಲ್ಲಿ ಸುಭ್‌ಕಾಂ ಪ್ರಕರಣದಲ್ಲಿ ನ್ಯಾಯಮಂಡಳಿ ಅಲ್ಲ ಎಂದಿತು: ಗಾಡಿ ಓಡಿಸುವವನಷ್ಟೇ ನಿಯಂತ್ರಕ, ಬ್ರೇಕ್ ಹಿಡಿಯಬಲ್ಲವನಲ್ಲ ಎಂಬುದು ಅದರ ತಾತ್ಪರ್ಯ. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋದಾಗ ಪ್ರಶ್ನೆಯನ್ನು ತೆರೆದಿಟ್ಟೇ ಮುಗಿಸಲಾಯಿತು. 2013ರಲ್ಲಿ ಅಬುಧಾಬಿಯ ಎತಿಹಾದ್, ಜೆಟ್ ಏರ್‌ವೇಸ್‌ನ ಶೇ 24 ಕೊಂಡಾಗ ಇಬ್ಬರು ನಿಯಂತ್ರಕರು ಎರಡು ಮಾತಾಡಿದರು. ಸ್ಪರ್ಧಾ ಆಯೋಗಕ್ಕೆ ಅದು ಜಂಟಿ ನಿಯಂತ್ರಣವಾಗಿ ಕಂಡಿತು. ಸೆಬಿಗೆ ನಿಯಂತ್ರಣವೇ ಅಲ್ಲವೆನಿಸಿತು. 2016ರಲ್ಲಿ ಸೆಬಿ ಸ್ಪಷ್ಟ ಅಳತೆಗೋಲು ತರಲು ಚರ್ಚಾಪತ್ರ ಹೊರಡಿಸಿ, ಮರುವರ್ಷ ಕೈಬಿಟ್ಟಿತು. ನನ್ನ ಮಟ್ಟಿಗೆ ಕೈಬಿಟ್ಟದ್ದೇ ಸರಿ. ಅಳತೆಗೋಲು ಇಟ್ಟ ಮರುದಿನ ವಕೀಲರು ಅದಕ್ಕಿಂತ ಒಂದಂಗುಲ ಕೆಳಗಿನ ಕರಾರು ಬರೆಯುತ್ತಾರೆ. ಶೇ 24 ಎಂಬ ಸಂಖ್ಯೆ ನಮ್ಮಲ್ಲಿ ಇಷ್ಟು ಜನಪ್ರಿಯವಾಗಿರುವುದೇಕೆಂದು ಬಿಡಿಸಿ ಹೇಳಬೇಕಿಲ್ಲ.

ದಾಳಿಗೊಳಗಾದ ಕಂಪನಿ ಏನು ಮಾಡಬಹುದು? ಅಮೆರಿಕದಲ್ಲಾದರೆ ಮಂಡಳಿಯ ಕೈಯಲ್ಲಿ ‘ವಿಷದ ಗುಳಿಗೆ’ ಇದೆ. ನ್ಯೂಯಾರ್ಕಿನ ವಕೀಲ ಮಾರ್ಟಿನ್ ಲಿಪ್ಟನ್ 1982ರಲ್ಲಿ ಹುಡುಕಿದ ಉಪಾಯವದು: ದಾಳಿಕಾರ ನಿಗದಿತ ಗೆರೆ ದಾಟಿದರೆ ಉಳಿದ ಷೇರುದಾರರಿಗೆಲ್ಲ ಅಗ್ಗದಲ್ಲಿ ಹೊಸ ಷೇರು ಕೊಟ್ಟು ಅವನ ಪಾಲನ್ನು ತೆಳುವಾಗಿಸುವುದು. 2022ರಲ್ಲಿ ಇಲಾನ್ ಮಸ್ಕ್ ಬಂದಾಗ ಟ್ವಿಟರ್ ಮಂಡಳಿ ಶೇ 15ಕ್ಕೆ ಇಂಥ ಗೆರೆ ಎಳೆದಿತ್ತು. ಬ್ರಿಟನ್ನಿನ ದಾರಿ ಬೇರೆ. ಅಲ್ಲಿ 1968ರಿಂದ ಟೇಕೋವರ್ ಪ್ಯಾನಲ್ ಎಂಬ ಮಂಡಳಿ ಇದೆ. ಕಂಪನಿಯ ನಿರ್ದೇಶಕರು ತಮ್ಮ ಕುರ್ಚಿ ಉಳಿಸಿಕೊಳ್ಳಲು ಆಫರನ್ನು ಕೆಡಿಸುವಂತಿಲ್ಲ, ತೀರ್ಮಾನ ಷೇರುದಾರರದ್ದು. ಅದಕ್ಕೆ ಪ್ರತಿಯಾಗಿ, ಶೇ 30 ಮುಟ್ಟಿದವನು ಉಳಿದ ಎಲ್ಲ ಷೇರುಗಳಿಗೂ ಆಫರ್ ಕೊಡಬೇಕು. ನಾವು ಅನುಸರಿಸಿದ್ದು ಬ್ರಿಟನ್ನನ್ನು. ಆಫರ್ ನಡೆಯುತ್ತಿರುವಾಗ ಷೇರುದಾರರ ವಿಶೇಷ ನಿರ್ಣಯವಿಲ್ಲದೆ ಮರುಖರೀದಿ, ಹೊಸ ಷೇರು, ಮುಖ್ಯ ಆಸ್ತಿಯ ಮಾರಾಟ ಯಾವುದೂ ನಡೆಯುವಂತಿಲ್ಲ. ಮೈಂಡ್‌ಟ್ರೀಯವರ ಕೈ ಕಟ್ಟಿಹಾಕಿದ್ದು ಇದೇ. ಅವರಿಗೆ ನೋವಾಗಿರಬಹುದು, ನಿಯಮ ಸರಿಯೇ ಇದೆ. ಶೇ 13 ಪಾಲಿನವರು ಉಳಿದ ಶೇ 87ರವರ ಹಣದಲ್ಲಿ ತಮ್ಮ ಕೋಟೆ ಕಟ್ಟಿಕೊಳ್ಳಬಾರದು.

ಆದರೆ ಬ್ರಿಟನ್ನಿನಿಂದ ಅರ್ಧವನ್ನು ಮಾತ್ರ ತಂದೆವು. ಅಲ್ಲಿ ಆಫರ್ ನೂರಕ್ಕೆ ನೂರು, ಇಲ್ಲಿ ಇಪ್ಪತ್ತಾರು. ವ್ಯತ್ಯಾಸ ಎಷ್ಟೆಂದು ಸರಳ ಲೆಕ್ಕ ಹಾಕಿ ನೋಡಿ. ಪ್ರವರ್ತಕನ ಬಳಿ ಶೇ 30 ಇದೆ; ಅಷ್ಟನ್ನೂ ಒಳ್ಳೆಯ ದರಕ್ಕೆ ಮಾರಿ ಹೋಗುತ್ತಾನೆ. ಹೊಸ ಒಡೆಯನ ಮೇಲೆ ನಂಬಿಕೆಯಿಲ್ಲದ ಉಳಿದ ಶೇ 70ರವರೆಲ್ಲ ಆಫರ್‌ಗೆ ಷೇರು ಒಪ್ಪಿಸುತ್ತಾರೆ. ಕೊಳ್ಳುವುದು 26 ಮಾತ್ರ. ನೂರು ಷೇರು ಇಟ್ಟವನಿಗೆ ಮೂವತ್ತೇಳು ಷೇರಿನ ಹಣ ಬರುತ್ತದೆ, ಅರವತ್ತಮೂರು ಡಿಮ್ಯಾಟ್ ಖಾತೆಗೆ ವಾಪಸಾಗುತ್ತವೆ. ಪ್ರವರ್ತಕನದು ಮಾತ್ರ ಪೂರ್ತಿ ಮಾರಿತು. ದರ ಒಂದೇ, ನಿಜ. ಬಾಗಿಲು ಮಾತ್ರ ಒಬ್ಬನಿಗೆ ಪೂರ್ತಿ, ಇನ್ನೊಬ್ಬನಿಗೆ ಮೂರರಲ್ಲೊಂದು ಪಾಲು. ಮೈಂಡ್‌ಟ್ರೀಯಲ್ಲೂ ಎಲ್ ಅಂಡ್ ಟಿ ಕೇಳಿದ ಶೇ 31ಕ್ಕಿಂತ ಹೆಚ್ಚು ಷೇರು ಬಂದು, ಹಿಂದಿರುಗಿಸಬೇಕಾಯಿತು.

ಬೆಂಗಳೂರಿನದೇ ಇನ್ನೊಂದು ಕಂಪನಿ ಯುನೈಟೆಡ್ ಸ್ಪಿರಿಟ್ಸ್ ಇದರ ಬೇರೊಂದು ಮುಖ ತೋರಿಸಿತು. 2012ರ ನವೆಂಬರ್‌ನಲ್ಲಿ ವಿಜಯ್ ಮಲ್ಯ ಬಳಗದೊಂದಿಗೆ ಡಿಯಾಜಿಯೊ ಮಾಡಿಕೊಂಡ ಒಪ್ಪಂದದ ದರ 1,440 ರೂಪಾಯಿ. ಸುದ್ದಿ ಬಂದ ಮೇಲೆ ಪೇಟೆಯ ದರ ಅದನ್ನು ದಾಟಿ ಓಡಿತು. 2013ರ ಏಪ್ರಿಲ್‌ನಲ್ಲಿ ಆಫರ್ ತೆರೆದಾಗ ಬಂದದ್ದು 58,668 ಷೇರು, ಅಂದರೆ ಕಂಪನಿಯ ಶೇ 0.04. ಡಿಯಾಜಿಯೊ ಪಾಲು ಶೇ 25ರ ಆಸುಪಾಸಿನಲ್ಲಿ ನಿಂತರೂ ಆಡಳಿತದ ಚುಕ್ಕಾಣಿ ಅದರ ಕೈಗೆ ಬಂತು. ಅತ್ತ ಕಿಂಗ್‌ಫಿಷರ್ ಏರ್‌ಲೈನ್ಸ್‌ನ ಸಾಲ ವಸೂಲಿಯ ವ್ಯಾಜ್ಯ ಕರ್ನಾಟಕ ಹೈಕೋರ್ಟಿಗೆ ಬಂದು, ಯುಬಿ ಹೋಲ್ಡಿಂಗ್ಸ್ ಮಾರಿದ ಷೇರುಗಳ ವಹಿವಾಟೇ ತೂಗಾಟಕ್ಕೆ ಬಿತ್ತು. 2014ರಲ್ಲಿ ಡಿಯಾಜಿಯೊ ತಾನಾಗಿ ಎರಡನೇ ಆಫರ್ ಕೊಟ್ಟಿತು. ಈ ಬಾರಿ 3,030 ರೂಪಾಯಿ. ಶೇ 26 ಪೂರ್ತಿ ಸಿಕ್ಕಿ ಪಾಲು ಶೇ 54.78 ಆಯಿತು. ಅವಸರಪಡದೆ ಕುಳಿತವರಿಗೆ ಇಲ್ಲಿ ಎರಡರಷ್ಟು ಸಿಕ್ಕಿತು. ಆದರೆ ಇಂಥದ್ದು ಕಂಪನಿ ಚಿನ್ನದ ಗಣಿಯಾಗಿದ್ದಾಗ ಮಾತ್ರ. ಎಲ್ಲ ಕಡೆ ಕಾಯುವುದು ಲಾಭ ತರುವುದಿಲ್ಲ.

ಕಾಯುವುದನ್ನೇ ಶಿಕ್ಷೆ ಮಾಡಿದ ಪ್ರಕರಣವೂ ಇದೆ. 2018ರ ನವೆಂಬರ್‌ನಲ್ಲಿ ಮಲೇಷ್ಯಾದ ಐಎಚ್‌ಎಚ್, ಫೋರ್ಟಿಸ್ ಆಸ್ಪತ್ರೆಗಳ ಶೇ 31.1ರಷ್ಟನ್ನು 170 ರೂಪಾಯಿ ದರದಲ್ಲಿ ಪಡೆಯಿತು. ಓಪನ್ ಆಫರ್ ತೆರೆಯುವ ಮೊದಲೇ ಸುಪ್ರೀಂ ಕೋರ್ಟಿನ ತಡೆ ಬಂತು. ಹಳೆಯ ಪ್ರವರ್ತಕ ಸಿಂಗ್ ಸಹೋದರರ ಮತ್ತು ಜಪಾನಿನ ಔಷಧ ಕಂಪನಿ ದಾಯಿಚಿಯ ನಡುವಿನ ಜಗಳ ಅದರ ಮೂಲ. 2022ರ ಸೆಪ್ಟೆಂಬರ್‌ನ ತೀರ್ಪಿನ ಹೊತ್ತಿಗೆ 170 ಎಂಬ ದರಕ್ಕೆ ಅರ್ಥವೇ ಉಳಿದಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಹಣಕಾಸು ಕಂಪನಿ ರೆಲಿಗೇರ್ ವಿಚಾರದಲ್ಲೂ ಅಷ್ಟೆ: ಬರ್ಮನ್ ಕುಟುಂಬ 2023ರ ಸೆಪ್ಟೆಂಬರ್‌ನಲ್ಲಿ 235 ರೂಪಾಯಿಯ ಆಫರ್ ಪ್ರಕಟಿಸಿತು, ಅದು ತೆರೆದದ್ದು 2025ರ ಜನವರಿ ಕೊನೆಗೆ. ಕಂಪನಿ ಮಂಡಳಿಯ ವಿರೋಧ, ರಿಸರ್ವ್ ಬ್ಯಾಂಕು, ವಿಮಾ ಪ್ರಾಧಿಕಾರ, ಸೆಬಿ ಎಂದು ಕಡತ ಸುತ್ತುತ್ತಲೇ ಇತ್ತು. ಕೊನೆಗಳಿಗೆಯಲ್ಲಿ ಫ್ಲಾರಿಡಾದ ಉದ್ಯಮಿಯೊಬ್ಬರು 275 ಕೊಡುತ್ತೇನೆಂದು ಬಂದರು. ಠೇವಣಿ ಇಡಲಾಗದೆ ಹಿಂದೆ ಸರಿದರು. ತಡವಾದರೆ ವರ್ಷಕ್ಕೆ ಶೇ 10 ಬಡ್ಡಿ ಎಂಬ ನಿಯಮವಿದೆ. ಆದರೆ ತಪ್ಪು ಕೊಳ್ಳುವವನದಲ್ಲ ಎನಿಸಿದರೆ ಸೆಬಿ ಅದನ್ನು ಮನ್ನಾ ಮಾಡಬಹುದು.

ಉಳಿದ ಕಾವಲುಗಾರರ ಬಗ್ಗೆ ಒಂದೆರಡು ಮಾತು ಸಾಕು. ಸ್ಪರ್ಧಾ ಆಯೋಗ ನೋಡುವುದು ಗ್ರಾಹಕನನ್ನು, ಷೇರುದಾರನನ್ನಲ್ಲ. 2024ರ ಸೆಪ್ಟೆಂಬರ್‌ನಿಂದ 2,000 ಕೋಟಿ ರೂಪಾಯಿ ಮೀರಿದ, ಭಾರತದಲ್ಲಿ ಗಣನೀಯ ವ್ಯವಹಾರವಿರುವ ಕಂಪನಿಗಳ ವಹಿವಾಟೆಲ್ಲ ಅದರ ಮುಂದೆ ಹೋಗಬೇಕು. 150 ದಿನದೊಳಗೆ ತೀರ್ಮಾನ. ದಿವಾಳಿ ಸಂಹಿತೆಯ ಕೆಳಗೆ ಕೈಬದಲಾಗುವ ಕಂಪನಿಗಳಿಗೆ ಓಪನ್ ಆಫರ್‌ನಿಂದ ವಿನಾಯಿತಿ ಇದೆ. ಅಲ್ಲಿ ಸಾಲ ಕೊಟ್ಟವರೇ ಮೊದಲು. 2021ರಲ್ಲಿ ಗೃಹಸಾಲ ಕಂಪನಿ ಡಿಎಚ್‌ಎಫ್‌ಎಲ್ ಪಿರಮಲ್ ಸಮೂಹದ ಪಾಲಾದಾಗ ಷೇರುದಾರರ ಕೈಗೆ ಬಂದದ್ದು ಸೊನ್ನೆ. ಇದು ಕಠಿಣ, ಆದರೆ ತರ್ಕವಿದೆ: ಸಾಲವೇ ತೀರದ ಮನೆಯಲ್ಲಿ ಪಾಲಿಗೆ ಏನಿರುತ್ತದೆ?

ಈಗ ಮುಖ್ಯ ವಿಷಯಕ್ಕೆ. ಆಫರ್ ನೂರಕ್ಕೆ ನೂರು ಇರಬೇಕೆಂದು ಅಚ್ಯುತನ್ ಸಮಿತಿ 2010ರಲ್ಲೇ ಹೇಳಿತ್ತು. 2011ರ ಜುಲೈನಲ್ಲಿ ಸೆಬಿ ಮಂಡಳಿ ವರದಿಯ ಬಹುಭಾಗವನ್ನು ಒಪ್ಪಿ, ಇದನ್ನು ಮಾತ್ರ 26ಕ್ಕೆ ಇಳಿಸಿತು. 25ಕ್ಕೆ 26 ಸೇರಿದರೆ 51, ಅಷ್ಟೇ ಲೆಕ್ಕ. ಉದ್ಯಮ ವಲಯ ಎತ್ತಿದ ಆಕ್ಷೇಪಕ್ಕೆ ಆಗ ತೂಕವಿತ್ತು. ಷೇರು ಕೊಳ್ಳಲು ಸಾಲ ಕೊಡದಂತೆ ಭಾರತದ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ತಡೆ ಹಾಕಿತ್ತು. ವಿದೇಶಿ ಕಂಪನಿ ತನ್ನ ದೇಶದ ಬ್ಯಾಂಕಿನಿಂದ ಸಾಲ ತಂದು ಸುಲಭವಾಗಿ ನೂರನ್ನೂ ಕೊಳ್ಳಬಲ್ಲದು, ನಮ್ಮವರು ಕೈಯಿಂದ ಹಾಕಬೇಕು. ನೂರರ ನಿಯಮ ತಂದರೆ ಕೊಳ್ಳುವವರೇ ಇರುವುದಿಲ್ಲ, ಹಳೆಯ ಪ್ರವರ್ತಕರು ಕುರ್ಚಿಗೆ ಅಂಟಿಕೊಂಡೇ ಉಳಿಯುತ್ತಾರೆ ಎಂಬುದು ವಾದ.

2025ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್, ಭಾರತದ ಕಂಪನಿಗಳು ಬೇರೆ ಕಂಪನಿಗಳನ್ನು ಕೊಳ್ಳಲು ಬ್ಯಾಂಕುಗಳು ಸಾಲ ಕೊಡುವ ದಾರಿ ತೆರೆಯುವುದಾಗಿ ಪ್ರಕಟಿಸಿತು. ಹದಿನಾಲ್ಕು ವರ್ಷ ಹಿಡಿದುಕೊಂಡಿದ್ದ ಕಾರಣ ಕೈಜಾರಿತು. ಇನ್ನೊಂದು ತೊಡಕೂ ಮೊದಲಿನಷ್ಟು ಬಿಗಿಯಾಗಿಲ್ಲ. ಲಿಸ್ಟಾದ ಕಂಪನಿಯಲ್ಲಿ ಶೇ 25 ಸಾರ್ವಜನಿಕರ ಬಳಿ ಇರಲೇಬೇಕು, ನೂರನ್ನೂ ಕೊಂಡರೆ ಆ ಮಿತಿ ದಾಟುತ್ತದೆ ಎನ್ನುತ್ತಿದ್ದರು. 2021ರ ತಿದ್ದುಪಡಿಯ ಬಳಿಕ, ಕೊಳ್ಳುವವನು ಓಪನ್ ಆಫರ್‌ನ ಜೊತೆಗೇ ಕಂಪನಿಯನ್ನು ಪೇಟೆಯ ಪಟ್ಟಿಯಿಂದ ತೆಗೆಯುವ ಉದ್ದೇಶವನ್ನೂ ಪ್ರಕಟಿಸಬಹುದು. ಹಾಗೆ ಬೇಡವೆಂದರೆ ಹೆಚ್ಚುವರಿ ಪಾಲನ್ನು ಕಾಲಾವಧಿಯೊಳಗೆ ಮಾರಬಹುದು. ಸಾಲ ಮಾಡಿ ಕೊಂಡವನು ಆ ಸಾಲವನ್ನು ಕೊಂಡ ಕಂಪನಿಯ ತಲೆಗೇ ಕಟ್ಟುವ ಅಪಾಯವಿದೆ. ಅದು ನಿಜವಾದ ಭಯ. ಅದನ್ನು ಕಾಯಬೇಕಾದ್ದು ಸಾಲದ ನಿಯಮದಲ್ಲಿ, ಷೇರುದಾರನ ಬಾಗಿಲನ್ನು ಮೂರರಲ್ಲೆರಡು ಪಾಲು ಮುಚ್ಚಿ ಅಲ್ಲ.

ನೂರರ ನಿಯಮ ಬರುವವರೆಗೆ, ಓಪನ್ ಆಫರ್ ಕಾಗದ ಮನೆಗೋ ಇ-ಮೇಲ್‌ಗೋ ಬಂದವರು ಒಂದಿಷ್ಟು ನೋಡಿಕೊಳ್ಳಲಿ. ಷೇರು ಒಪ್ಪಿಸಲು ಹತ್ತು ಕೆಲಸದ ದಿನಗಳಿರುತ್ತವೆ, ಒಮ್ಮೆ ಒಪ್ಪಿಸಿದರೆ ಹಿಂದಕ್ಕೆ ಪಡೆಯುವಂತಿಲ್ಲ. ಮೊದಲ ದಿನವೇ ಓಡಬೇಡಿ. ಸ್ವತಂತ್ರ ನಿರ್ದೇಶಕರ ಸಮಿತಿಯ ಅಭಿಪ್ರಾಯ ಆಫರ್ ತೆರೆಯುವ ಮೊದಲೇ ಪತ್ರಿಕೆಯಲ್ಲಿ ಬಂದಿರುತ್ತದೆ. ಅದರಲ್ಲಿ ಯಾರು ಒಪ್ಪಿಲ್ಲ ಎಂಬುದನ್ನು ಓದಿ. ಪೇಟೆಯ ದರ ಆಫರ್‌ಗಿಂತ ಮೇಲಿದ್ದರೆ ಪೇಟೆಯಲ್ಲೇ ಮಾರಿ. ಪ್ರವರ್ತಕರು ಎಷ್ಟು ಮಾರುತ್ತಿದ್ದಾರೆ, ಎಷ್ಟು ಉಳಿಸಿಕೊಳ್ಳುತ್ತಿದ್ದಾರೆ ಎಂಬ ಸಾಲನ್ನು ಮಾತ್ರ ಎರಡು ಸಲ ಓದಿ. ಸೆಬಿ ಮಾಡಬೇಕಾದದ್ದು ಅದಕ್ಕಿಂತ ಸರಳ: ತಾನೇ ನೇಮಿಸಿದ್ದ ಸಮಿತಿಯ ವರದಿಯನ್ನು ಕಪಾಟಿನಿಂದ ತೆಗೆದು, ಇಪ್ಪತ್ತಾರನ್ನು ನೂರು ಮಾಡಬೇಕು.